ದೊಡ್ಡಮ್ಮನ ಜೊತೆ ಹೂತ ಚಾಪೆ

ಗುಂಡಿಯಲ್ಲಿದ್ದ ಚಾಪೆ ದೊಡ್ಡಮ್ಮನದಲ್ಲ.

ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿಮಾಡಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದೆ. ನಡುಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಕಣ್ಣು ಮೋಸ ಮಾಡಿತು ಎನ್ನುವ ಹಾಗೂ ಇರಲಿಲ್ಲ. ಹೆಣಕ್ಕೆ ಸುತ್ತಿದ್ದ ಚಾಪೆಯ ಅಂಚು ಬರೀ ಸಾದಾ ಓಲೆಯದು. ಒಂದೇ ಒಂದು ಕಪ್ಪು ಎಳೆ ಅದರಲ್ಲಿರಲಿಲ್ಲ.

"ಏನಯ್ಯ ಜೋರ್ಬಿ, ಸಿಕ್ತಾ?" ಗುಂಡಿಯ ಮೇಲಿಂದ ಪಾದ್ರಿ ತೆಲ್ಬಿ ಕೇಳಿದರು. ಬೈಬಲ್ಲನ್ನು ಎದೆಗೆ ಅವುಚಿಕೊಂಡು, ಇತ್ತ ನೋಡದೆ, ಬೆನ್ನು ಹಾಕಿ ನಿಂತಿದ್ದರು.

"ತಾಳಿ ಪಾದ್ರಿಗಳೇ," ಅಂದೆ.

ಮೊಣಕಾಲವರೆಗೆ ನೀರಿತ್ತು. ಉಪ್ಪುನೀರು. ನಮ್ಮ ಎನೆಡೂಲ್ ದ್ವೀಪದಲ್ಲಿ ಈಗ ಎಲ್ಲಿ ಮೂರಡಿ ಅಗೆದರೂ ಸಮುದ್ರವೇ ಸಿಗುತ್ತದೆ. ಬಾವಿ ತೋಡಿದರೂ ಅದೇ, ಗೋರಿ ತೋಡಿದರೂ ಅದೇ. ನನ್ನನ್ನು ಎತ್ತಿ ಆಡಿಸಿದ ಹೆಂಗಸು ಹದಿನೇಳು ದಿನದಿಂದ ಆ ನೀರಲ್ಲಿ ನೆನೆಯುತ್ತಿದ್ದಳು. ನಾನು ಅವಳ ಮೈಮೇಲಿನ ಚಾಪೆಯ ಅಂಚು ಹುಡುಕುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು, ಎನಿಸಿತು.

ನಿನ್ನೆ ನಮ್ಮ ಮೇಯರ್ ಹೆಮೋಸ್ ಬಾಯಿಬಿಟ್ಟಿದ್ದ. ಊರ ಗಂಟಿನ, ಅಂದರೆ ಫೋನಿನಲ್ಲಿ ಕೂಡಿಟ್ಟ ಊರ ದುಡ್ಡಿನ, ಬೀಗಕ್ಕೆ ದೊಡ್ಡಮ್ಮನ ಪಾಲಿಗೆ ಬಂದಿದ್ದ ಹನ್ನೆರಡು ಗುಟ್ಟು ಮಾತುಗಳನ್ನು ಅವಳು ಕಾಗದದಲ್ಲಿ ಇಟ್ಟುಕೊಳ್ಳಲಿಲ್ಲ. ಗಂಟು ಮಾಡಿಕೊಡುವ ಕಚೇರಿಯ ಪಟ್ಟಿಯಲ್ಲಿ ಒಂದೊಂದು ಮಾತಿಗೂ ಒಂದು ಅಂಕಿ, ಅಂಕಿಗೆ ತಕ್ಕಷ್ಟು ಕಪ್ಪು ಎಳೆ. ಹೀಗೆ ತನ್ನ ಚಾಪೆಯ ಅಂಚಿನಲ್ಲಿ ನೇಯ್ದು, ಕಾಗದವನ್ನು ಒಲೆಗೆ ಹಾಕಿಬಿಟ್ಟಿದ್ದಳು. ಆ ಚಾಪೆ ಸುತ್ತಿಯೇ ಅವಳನ್ನು ಹೂತೆವೆಂದು ಊರೆಲ್ಲ ನಂಬಿತ್ತು. ಹೂತ ಒಂಬತ್ತನೇ ದಿನ ಯಾರೋ ಅದೇ ಹನ್ನೆರಡು ಮಾತು ಹೇಳಿ ಗಂಟನ್ನು ಬರಿದು ಮಾಡಿದ್ದರು.

ಹಾಗಾದರೆ ಕಳ್ಳ ಗೋರಿ ಅಗೆದಿದ್ದಾನೆ ಎಂದುಕೊಂಡೇ ನಾನು ಗುದ್ದಲಿ ಹಿಡಿದು ಬಂದಿದ್ದೆ. ಆದರೆ ಅಗೆಯುವ ಮೊದಲೇ ಮನಸ್ಸಿಗೆ ಇರುಸುಮುರುಸಾಗಿತ್ತು. ಆರನೇ ದಿನ ನಮ್ಮ ಹೆಂಗಸರು ಗೋರಿಯ ಮೇಲೆ ಸುರಿದ ಬಿಳಿ ಹರಳುಕಲ್ಲು ಸುರಿದ ಹಾಗೇ ಇತ್ತು. ಅದರ ಮೇಲಿಟ್ಟ ಚಿಪ್ಪಿನ ಸರವೂ ಕದಲಿರಲಿಲ್ಲ. ಅಡಿಯಲ್ಲಿ ಗಟ್ಟಿಯಾಗಿ ತುಳಿದ ಮಣ್ಣು.

ಗೋರಿಯನ್ನು ಯಾರೂ ಮುಟ್ಟಿಲ್ಲ. ಆದರೂ ಚಾಪೆ ಅದಲ್ಲ. ಅಂದರೆ ಹೂಳುವ ಮೊದಲೇ ಬದಲಾಗಿದೆ.

ಒದ್ದೆ ಓಲೆಯ ಮೇಲೆ ಕೈಯಾಡಿಸಿದೆ. ನಮ್ಮಲ್ಲಿ ಹೆಂಗಸರೆಲ್ಲರೂ ಓಲೆಯನ್ನು ಎಡದಿಂದ ಬಲಕ್ಕೆ ಮಡಿಚಿ ನೇಯುತ್ತಾರೆ. ಇದು ಬಲದಿಂದ ಎಡಕ್ಕೆ ಹೋಗಿತ್ತು. ಎಡಚರ ಕೈ. ಇಡೀ ಎನೆಡೂಲಿನಲ್ಲಿ ಎಡಗೈಯಲ್ಲಿ ನೇಯುವವಳು ಒಬ್ಬಳೇ ಒಬ್ಬಳು.

ನನ್ನ ಸ್ವಂತ ಅಕ್ಕ ನೇಮಾತ್.

"ಮುಚ್ಚಿಬಿಡಿ," ಎಂದು ಮೇಲೆ ಹತ್ತಿ ಬಂದೆ. "ನನಗೆ ಬೇಕಾದ್ದು ಇಲ್ಲಿಲ್ಲ."

ತೆಲ್ಬಿಯವರು ನಿಟ್ಟುಸಿರುಬಿಟ್ಟರು. "ಇದನ್ನ ನೋಡೋಕೆ ಆ ಮುದುಕಿ ನಿದ್ದೆ ಕೆಡಿಸಿದ್ಯಲ್ಲಪ್ಪ. ದೇವರು ನಿನ್ನ ಹೇಗೆ ಕ್ಷಮಿಸ್ತಾನೋ ಕಾಣೆ."

"ದೇವರಿಗೆ ನಮ್ಮ ನೆನಪಿದ್ರೆ ತಾನೇ ಪಾದ್ರಿಗಳೇ, ಕ್ಷಮಿಸೋ ಮಾತು," ಅಂದುಬಿಟ್ಟೆ. ಅನ್ನಬಾರದಿತ್ತು. ಅವರು ಗುದ್ದಲಿ ಎತ್ತಿಕೊಂಡರು.

ತೆಂಗಿನ ಮರದ ನೆರಳಲ್ಲಿ ನನ್ನ ಹೆಂಡತಿ ಕಿಯೋಮಿ ಕೂತಿದ್ದಳು. ತೊಡೆಯ ಮೇಲೆ ಉದ್ದನೆ ಪಟ್ಟಿ, ಕೈಯಲ್ಲಿ ನೀಲಿ ಪೆನ್ನು. ಶನಿವಾರ ಹಡಗು ಹತ್ತುವವರ ಹೆಸರು ಬರೆದುಕೊಳ್ಳುವ ಕೆಲಸ ಅವಳಿಗೆ ಬಿದ್ದಿತ್ತು. ರಾಜಧಾನಿ ಮಜುರೋದಲ್ಲಿ ಜನರ ಫೋನಿಗೆ ಕವಡೆ ಎನ್ನುವ ದುಡ್ಡು ಹಾಕುವ ಕಚೇರಿಯ ನೌಕರಿ ಅವಳದು. ಐದೈದು ಹೆಸರಿಗೊಂದು ನೀಲಿ ಚುಕ್ಕೆ ಇಟ್ಟು ಎಣಿಸುವುದು ಅಲ್ಲಿಂದ ಅಂಟಿದ ಚಾಳಿ. ಮನೆಯಲ್ಲಿ ಒಣಮೀನು ಎಣಿಸಿದರೂ ಡಬ್ಬದ ಮೇಲೆ ಚುಕ್ಕೆ ಬೀಳುತ್ತದೆ.

"ಬೇಡ ಅಂತ ಬೆಳಿಗ್ಗೆಯಿಂದ ಬಡ್ಕೊಂಡೆ. ಕೇಳಿದ್ರಾ?" ಅಂದಳು. "ಹೋದವರನ್ನ ನೆಮ್ಮದಿಯಾಗಿ ಮಲಗೋಕೆ ಬಿಡಬಾರದಾ ರೀ? ಚಾಪೆ ಕೊಳೆತುಹೋಗಿತ್ತಾ?"

"ಚಾಪೆ ಚೆನ್ನಾಗೇ ಇದೆ. ಆದರೆ ಅವಳದಲ್ಲ."

ಕಿಯೋಮಿ ತಲೆ ಎತ್ತಲಿಲ್ಲ. ಹೆಸರೊಂದರ ಮುಂದೆ ಚುಕ್ಕೆಯಿಟ್ಟಳು. "ಮತ್ತೆ ಯಾರದಂತೆ?"

"ನೋಡಬೇಕು. ಗಂಟಿನ ಸುದ್ದಿ ಏನು?"

ಅವಳು ಫೋನು ತೆರೆದು ನೋಡಿದಳು. ದಿನಾ ನನಗೋಸ್ಕರ ನೋಡಿ ಹೇಳುತ್ತಿದ್ದಳು, ನನಗೆ ಆ ಕಗ್ಗ ತಲೆಗೆ ಹತ್ತುವುದಿಲ್ಲ. "ಕದಲಿಲ್ಲ ರೀ. ಅಲ್ಲೇ ಕೂತಿದೆ."

ಅದೇ ನೋಡಿ ಹೊಟ್ಟೆ ಉರಿಸುವ ವಿಷಯ. ಕದ್ದ ಕವಡೆ ಎಲ್ಲಿ ಕೂತಿದೆ ಎಂದು ಲೋಕಕ್ಕೆಲ್ಲ ಕಾಣುತ್ತದೆ. ಯಾರ ಕೈಯಲ್ಲಿದೆ ಎಂದು ಮಾತ್ರ ಯಾರಿಗೂ ಕಾಣುವುದಿಲ್ಲ.

ಕವಡೆ ಎಂದರೆ ಈಗ ನಮ್ಮಲ್ಲಿ ಚಿಪ್ಪಲ್ಲ, ಸರ್ಕಾರ ಹೊರಡಿಸಿದ ಫೋನಿನೊಳಗಿನ ದುಡ್ಡು. ಒಂದು ದೀವಿಹಲಸಿನ ಗಿಡ ವರ್ಷ ಬದುಕಿದರೆ ಇಷ್ಟು, ಹವಳದ ದಿಬ್ಬದಲ್ಲಿ ಮೀನು ಮರಿ ಮಾಡುವಾಗ ಬಲೆ ಬೀಸದೆ ಬಿಟ್ಟರೆ ಇಷ್ಟು. ಅರ್ಧ ಮನೆಗೆ, ಅರ್ಧ ಊರ ಗಂಟಿಗೆ. ನಾಲ್ಕು ವರ್ಷ ನಮ್ಮ ಜನ ಕುಡಿಯುವ ನೀರಲ್ಲಿ ಪಾಲು ಮಾಡಿ ಗಿಡಕ್ಕೆ ಹಾಕಿದ್ದಾರೆ. ಮಕ್ಕಳು ಬಾಯಾರಿ ಅತ್ತರೂ ಗಿಡ ಒಣಗಲು ಬಿಟ್ಟಿಲ್ಲ.

ಅಷ್ಟೆಲ್ಲ ಮಾಡಿದ್ದು ಒಂದು ಯಂತ್ರಕ್ಕಾಗಿ. ಬಿಸಿಲಿನ ಬಲದಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ. ಶನಿವಾರ ಬರುವ ಹಡಗಿನಲ್ಲಿ ಅದೂ ಇದೆ. ಕವಡೆ ಸಂದಾಯವಾದರೆ ಯಂತ್ರ ಇಲ್ಲಿ ಇಳಿಯುತ್ತದೆ. ಇಲ್ಲದಿದ್ದರೆ ಯಂತ್ರ ಮುಂದಿನ ದ್ವೀಪಕ್ಕೆ ಹೋಗುತ್ತದೆ, ನಾವು ಇನ್ನೂರ ಹನ್ನೊಂದು ಜನ ಅದೇ ಹಡಗು ಹತ್ತುತ್ತೇವೆ. ಊರ ಸಭೆ ಅಳುತ್ತಲೇ ಹಾಗೆ ತೀರ್ಮಾನ ಮಾಡಿತ್ತು. ಒಮ್ಮೆ ಹತ್ತಿದವರು ವಾಪಸು ಬಂದದ್ದನ್ನು ನಾನಂತೂ ಕಂಡಿಲ್ಲ.

ಇವತ್ತು ಗುರುವಾರ.

*

ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಶಾಲೆ ಸಿಗುತ್ತದೆ. ಅದರ ಉಗ್ರಾಣದಲ್ಲಿ ಹೆಮೋಸನನ್ನು ಕೂಡಿಹಾಕಿದ್ದೆವು. ಗಂಟಿಗೆ ಎರಡು ಬೀಗ. ಒಂದು ದೊಡ್ಡಮ್ಮನದು, ಯಾಕೆಂದರೆ ಈ ನೆಲ ಅವಳ ತಾಯಿಯ ಬಳಿಯದು, ಅವಳು ಅದರ ಹಿರಿಯಳು. ಇನ್ನೊಂದು ಮೇಯರಿನದು. ಎರಡೂ ಬೀಗ ತೆರೆದಿವೆ, ಸತ್ತವಳು ತೆರೆಯಲಾರಳು, ಆದ್ದರಿಂದ ಬದುಕಿರುವವನನ್ನು ಹಿಡಿ ಎಂದು ಮಜುರೋದಿಂದ ರೇಡಿಯೋದಲ್ಲಿ ಅಪ್ಪಣೆಯಾಗಿತ್ತು. ಸಾವಿಗೆ ಬಂದು ಉಳಿದುಕೊಂಡಿದ್ದ ಪೊಲೀಸಿನವನು ನಾನೊಬ್ಬನೇ. ತನಿಖೆ ನನ್ನ ತಲೆಗೇ ಬಂತು.

"ಏನ್ ಭಾವ, ಸತ್ತವರನ್ನೂ ಎಬ್ಬಿಸಿ ಹೇಳಿಕೆ ತಗೊಂಡ್ಯಂತೆ?" ಕಿಟಕಿ ಸರಳಿನ ಹಿಂದಿನಿಂದ ಹೆಮೋಸ್ ಕೂಗಿದ. ನನ್ನ ಸೋದರಮಾವನ ಮಗ. ನಮ್ಮಿಬ್ಬರದು ಹುಟ್ಟಿದಾಗಿನಿಂದ ಛೇಡಿಸುವ ಸಂಬಂಧ. "ದೊಡ್ಡತ್ತೆ ಏನಂದ್ಲು? ಹೆಮೋಸ್ ದಡ್ಡ ಅಂದಿರ್ತಾಳೆ."

"ಅದನ್ನ ಹೇಳೋಕೆ ಅವಳೇ ಎದ್ದು ಬರಬೇಕಾ? ತಮ್ಮ ಬೀಗದ ಮಾತನ್ನ ಪಂಚಾಯ್ತಿ ಮನೆ ಕ್ಯಾಲೆಂಡರ್ ಹಿಂದೆ ಅಂಟಿಸಿದ ಮಹಾಶಯರು ತಾವು."

"ಮರೆತುಹೋಗುತ್ತೆ ಅಂತ ಅಂಟಿಸಿದೆ ಕಣೋ! ಇನ್ನೊಂದು ಬೀಗ ದೊಡ್ಡತ್ತೆ ಹತ್ರ ಭದ್ರ ಇದೆಯಲ್ಲ ಅಂದ್ಕೊಂಡೆ." ನಗು ಅಲ್ಲಿಗೇ ನಿಂತಿತು. ಸರಳಿಗೆ ಹಣೆ ಆನಿಸಿದ. "ಜೋರ್ಬಿ, ನನ್ನ ಚಿಕ್ಕ ಮಗಳು ಬೆಳಿಗ್ಗೆ ಊಟ ತಂದಿದ್ಲು. ತಟ್ಟೆ ಇಟ್ಟು, ಮುಖ ನೋಡದೆ ಹೋದ್ಲು. ನಾನು ದಡ್ಡ ಹೌದು. ಕಳ್ಳ ಅಲ್ಲ. ನಿಮ್ಮಪ್ಪ ಕಳ್ಳ ಅಲ್ಲಮ್ಮ ಅಂತ ಅವಳಿಗೆ ನೀನು ಒಂದು ಮಾತು ಹೇಳೋ."

"ಹೇಳ್ತೀನಿ."

"ಶನಿವಾರ ನನಗೆ ಬೇಡಿ ಹಾಕಿ ಹಡಗು ಹತ್ತಿಸ್ತೀಯಾ? ಎಲ್ಲರ ಮುಂದೆ?"

ಕೇಳಬೇಕಾದದ್ದನ್ನು ಕೇಳಿದೆ. "ದೊಡ್ಡಮ್ಮ ಅಂಚು ನೇಯುವಾಗ ಅಂಕಿ ಓದಿ ಹೇಳಿದ್ದು ನೀನೇ. ಆಗ ಅಲ್ಲಿ ಬೇರೆ ಯಾರಾದರೂ ಇದ್ರಾ?"

"ಯಾರೂ ಇರ್ಲಿಲ್ಲ. ನಿನ್ನ ಹೆಂಡ್ತೀನೇ ಅಲ್ವಾ ಕಚೇರಿಯಿಂದ ಬಂದು ಗಂಟು ಶುರುಮಾಡಿಕೊಟ್ಟಿದ್ದು? ನಿಯಮದ ಪ್ರಕಾರ ಕಚೇರಿಯವರು ನೋಡೋ ಹಾಗಿಲ್ಲ ಅಂತ ಅವಳೂ ಹೊರಗೆ ಹೋಗಿದ್ಲು. ದೊಡ್ಡತ್ತೆ ಬಾಗಿಲು ಹಾಕ್ಕೊಂಡ್ಲು. ಆ ಅಂಕಿ ನನಗೂ ಒಂದೂ ನೆನಪಿಲ್ಲ, ದೇವರಾಣೆ."

ಹೆಮೋಸ್ ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ. ಚಿಕ್ಕಂದಿನಿಂದ ನೋಡಿದ್ದೇನೆ. ಈಗ ಕಿವಿ ಇದ್ದ ಬಣ್ಣದಲ್ಲೇ ಇತ್ತು.

*

ನೇಮಾತ್ ಅಕ್ಕ ಅಡುಗೆ ಚಪ್ಪರದ ಕೆಳಗೆ ಕೂತು ಕೇದಗೆ ಓಲೆಯ ಸುರುಳಿಯನ್ನು ಕಲ್ಲಿನ ಮೇಲಿಟ್ಟು ಜಜ್ಜುತ್ತಿದ್ದಳು. ಎಡಗೈಯಲ್ಲಿ ದಪ್ಪ ಚಿಪ್ಪಿನ ಗುಂಡು, ಏಟಿನ ಮೇಲೆ ಏಟು. ಊರು ಬಿಡಲು ಎರಡು ದಿನವಿದೆ, ಈಕೆ ಹೊಸ ಚಾಪೆಗೆ ಓಲೆ ಹದ ಮಾಡುತ್ತಿದ್ದಾಳೆ.

ಅವಳಿಂದ ನಾಲ್ಕು ಮಾರು ದೂರದಲ್ಲಿ, ಮುಖ ಓರೆ ಮಾಡಿ ಕೂತೆ. ನಮ್ಮಲ್ಲಿ ಅಕ್ಕತಂಗಿಯರ ಎದುರು ಗಂಡುಮಕ್ಕಳು ಹಾಗೆಯೇ ಕೂರುವುದು. ಅವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ. ಅವರ ಹಾಸಿಗೆ, ಬಟ್ಟೆ, ಮೈಯ ವಿಷಯ ಎತ್ತುವುದಿಲ್ಲ. ಅವರೂ ನಾವು ಮಲಗುವ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಇದನ್ನು ಯಾರೂ ಕಲಿಸಬೇಕಾಗಿಲ್ಲ, ಹುಟ್ಟಿನಿಂದಲೇ ಬಂದಿರುತ್ತದೆ.

ಅಲ್ಲೇ ನಾನು ಮುಗ್ಗರಿಸಿದ್ದು. ಎಂಟು ದಿನ ಊರಿನ ಗಂಡಸರನ್ನೆಲ್ಲ ಜಾಲಾಡಿದ್ದೆ. ಹೆಣ ತೊಳೆದು ಚಾಪೆ ಸುತ್ತಿದವಳು ನನ್ನ ಅಕ್ಕ ಎಂದು ಗೊತ್ತಿದ್ದೂ ಅವಳನ್ನೊಂದು ಮಾತು ಕೇಳಿರಲಿಲ್ಲ. ನಾಚಿಕೆಯಾಗಿತ್ತು.

"ಬಂದೆಯಾ?" ಅಂದಳು, ಜಜ್ಜುವುದು ನಿಲ್ಲಿಸದೆ. "ಎಲ್ಲರ ಮನೆ ಬಾಗಿಲೂ ತಟ್ಟಿದೆ. ನಮ್ಮನೆ ಬಾಗಿಲು ಇವತ್ತು ಕಾಣಿಸ್ತೇನಪ್ಪ ಸಾರ್ಜೆಂಟಿಗೆ?"

"ಅಕ್ಕ, ಚಾಪೆ ಯಾವುದು?"

"ಯಾವ ಚಾಪೆ?"

"ದೊಡ್ಡಮ್ಮನಿಗೆ ಸುತ್ತಿದ್ದು."

ಗುಂಡು ಕಲ್ಲಿನ ಮೇಲೆ ನಿಂತಿತು. ಹಿಂದೆ ಅಲೆಯ ಸದ್ದು ಜೋರಾಯಿತು, ಅಥವಾ ಇಷ್ಟು ಹೊತ್ತು ನನಗೆ ಕೇಳಿಸಿರಲಿಲ್ಲ.

"ಇದನ್ನ ನೀನು ನನ್ನ ಕೇಳಬಹುದಾ ಜೋರ್ಬಿ? ಹೆಣ ತೊಳೆದ ಮನೆ ಮಾತು ಇದು. ಗಂಡಸು ನೀನು. ನನ್ನ ತಮ್ಮ ನೀನು."

"ಕೇಳಬಾರದು. ಗೊತ್ತು. ನನಗೇನು ಇಷ್ಟಾನಾ? ಅಗೆದು ನೋಡಿದೀನಿ ಅಕ್ಕ. ನಿನ್ನ ಕೈ ಕೆಲಸ ನನಗೆ ಗೊತ್ತಾಗಲ್ವಾ?"

ಅವಳು ಎದ್ದಳು. ಏಟು ಬೀಳುತ್ತದೇನೋ ಎಂದುಕೊಂಡೆ. ಬಿದ್ದಿದ್ದರೆ ಒಳ್ಳೆಯದಿತ್ತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನೋಡಿದ್ಯಾ? ಅವಳನ್ನ ನೋಡಿದ್ಯಾ? ನೀರಿತ್ತಾ ಗುಂಡಿಲಿ?"

"ಇತ್ತು."

"ನನಗೆ ಗೊತ್ತಿತ್ತು," ಎಂದು ಬಿಕ್ಕಿದಳು. "ಅವತ್ತು ಬೆಳಿಗ್ಗೇನೇ ತೋಡಿದ ಗುಂಡಿ ನೋಡಿ ಬಂದೆ. ತಳದಲ್ಲಿ ಉಪ್ಪುನೀರು ಉಕ್ಕುತಾ ಇತ್ತು. ಆ ಚಾಪೆ ನೇಯೋಕೆ ಅವಳಿಗೆ ಐದು ತಿಂಗಳು ಹಿಡೀತು ಕಣೋ. ಕಣ್ಣು ಕಾಣ್ತಿರ್ಲಿಲ್ಲ, ಬೆರಳಲ್ಲೇ ಮುಟ್ಟಿ ಮುಟ್ಟಿ ನೇಯ್ದಿದ್ಲು. ಅವಳ ಕೈಯಿಂದ ಬಂದ ಕೊನೇದು. ಅದನ್ನ ನೀರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ನನ್ನದನ್ನ ಸುತ್ತಿ, ಮೇಲೆ ಬಿಳಿ ಬಟ್ಟೆ ಹೊದಿಸಿದೆ. ಯಾರಿಗೂ ಗೊತ್ತಾಗ್ಲಿಲ್ಲ."

"ಅದರ ಅಂಚಿನಲ್ಲಿ ಏನಿತ್ತು ಅಂತ ನಿನಗೆ ಗೊತ್ತಿತ್ತಾ?"

"ಕಪ್ಪು ಎಳೆ ಇತ್ತು. ಒಂದು ಲೆಕ್ಕ ಇಲ್ಲ, ಚಂದ ಇಲ್ಲ. ಕಣ್ಣಿಲ್ಲದ ಮುದುಕಿ, ತಪ್ಪಿದೆ ಅಂದ್ಕೊಂಡೆ. ನಿನ್ನೆ ಹೆಮೋಸ್ ಹೇಳಿದ ಮೇಲೇ ಊರಿಗೆಲ್ಲ ತಿಳಿದದ್ದು."

"ನಿನ್ನೇನೇ ಬಂದು ಹೇಳಬಾರದಿತ್ತಾ?"

"ಏನಂತ ಹೇಳ್ಲಿ?" ಅವಳು ಸಿಡಿದಳು. "ಸತ್ತವಳ ಚಾಪೆ ಬಚ್ಚಿಟ್ಟೆ ಅಂತಲಾ? ಹೆಣದ ಮೇಲಿಂದ ಕದ್ದಳು ಅಂತಾರೆ. ನಾಲ್ಕು ತಲೆಮಾರಿನವರೆಗೂ ಆಡ್ಕೋತಾರೆ. ಅಲ್ಲಪ್ಪ, ನೀನು ಕೇಳೋಕೆ ನಾಚ್ಕೊಂಡೆ, ನಾನು ಹೇಳೋಕೆ ನಾಚ್ಕೊಂಡೆ. ಊರು ಹಾಳಾಗೋಕೆ ಇನ್ನೇನು ಬೇಕು?"

ನನಗೆ ಬಾಯಾರಿತ್ತು. ಪಕ್ಕದಲ್ಲಿದ್ದ ಚೊಂಬಿನಲ್ಲಿ ನೀರಿತ್ತು, ಆದರೆ ಅದು ಅವಳ ಮನೆಯ ಇಡೀ ದಿನದ ಪಾಲು. ಮುಟ್ಟಲಿಲ್ಲ.

"ಆ ಚಾಪೆ ಈಗ ಎಲ್ಲಿದೆ ಅಕ್ಕ?"

ಅವಳು ನನ್ನನ್ನೇ ನೋಡಿದಳು. ನನಗೆ ತಿಳಿದಂತೆ ಅಕ್ಕ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ನಿನಗೆ ನಿಜವಾಗ್ಲೂ ಗೊತ್ತಿಲ್ವೇನೋ?"

"ಗೊತ್ತಿದ್ರೆ ಕೇಳ್ತಿದ್ನಾ?"

"ಮನೇಲಿ ಒಳ್ಳೇ ಚಾಪೆ ಅಂತ ಇದ್ದಿದ್ದು ಎರಡೇ. ಒಂದು ಅವಳ ಮೈಗೆ ಹೋಯ್ತು. ಅವತ್ತೇ ನೀನು, ನಿನ್ನ ಹೆಂಡ್ತಿ ಬಂದು ಇಳಿದ್ರಿ. ತವರಿಗೆ ಬಂದ ತಮ್ಮನಿಗೆ ಹರಕು ಚಾಪೆ ಹಾಸ್ತಾರಾ? ಅದೂ ಅಲ್ದೆ, ಬಚ್ಚಿಡೋಕೆ ಅದಕ್ಕಿಂತ ಜಾಗ ಇನ್ನೆಲ್ಲಿ? ನೀನು ಮಲಗೋ ಮನೆ, ನಾನೂ ಕಾಲಿಡಲ್ಲ, ಊರಿನವರೂ ಬರಲ್ಲ. ಅಂಚು ಕೆಳಗೆ ಮಾಡಿ, ಮೇಲೊಂದು ಹಳೇದು ಹಾಕಿ, ನಿನ್ನ ಹೆಂಡ್ತಿ ಕೈಗೆ ಸುತ್ತಿ ಕೊಟ್ಟೆ." ಮೂಗು ಒರೆಸಿಕೊಂಡಳು. "ಹದಿನೇಳು ದಿನದಿಂದ ಅದರ ಮೇಲೇ ಬಿದ್ಕೊಂಡಿದ್ದೀಯಲ್ಲೋ, ಪುಣ್ಯಾತ್ಮ."

*

ನಾನು ಓಡಿದೆನೋ ನಡೆದೆನೋ ನೆನಪಿಲ್ಲ. ನಮಗೆ ಬಿಟ್ಟುಕೊಟ್ಟಿದ್ದ ಮನೆ ಅಲ್ಲೇ, ಚಪ್ಪರದ ಹಿಂದೆ, ಒಂಟಿ ಕೋಣೆಯದು. ಅಕ್ಕ ಹಿಂದೆಯೇ ಬಂದಳು. ಹೊಸ್ತಿಲ ಆಚೆ ಹರಳುಕಲ್ಲಿನ ಮೇಲೆ ನಿಂತುಬಿಟ್ಟಳು. ಇಷ್ಟೆಲ್ಲ ಆದ ಮೇಲೂ ಅವಳು ಒಳಗೆ ಕಾಲಿಡಲಿಲ್ಲ.

ಚಾಪೆ ಮೂಲೆಯಲ್ಲಿ ಸುತ್ತಿಟ್ಟಿತ್ತು. ಬೆಳಿಗ್ಗೆ ಎದ್ದರೆ ಸುತ್ತಿಡುವುದು, ಸಂಜೆಯಾದರೆ ಹಾಸುವುದು, ಎಲ್ಲ ಕಿಯೋಮಿಯೇ. ಹದಿನೇಳು ದಿನದಲ್ಲಿ ನಾನು ಒಮ್ಮೆಯೂ ಅದನ್ನು ಕೈಯಿಂದ ಮುಟ್ಟಿರಲಿಲ್ಲ.

ಹಳೆಯದನ್ನು ಎಳೆದು ಬಿಸಾಡಿ, ಒಳಗಿನದನ್ನು ಬಿಚ್ಚಿ, ತಿರುವಿ ಹಾಸಿದೆ.

ದೊಡ್ಡಮ್ಮನ ಕೈ. ಬಿಗಿಯಾದ, ಅಕ್ಕಿಕಾಳಿನಷ್ಟು ಸಣ್ಣ ಹೆಣಿಗೆ. ಸುತ್ತಲೂ ನಾಲ್ಕು ಬೆರಳಗಲ ಅಂಚು, ಅದರಲ್ಲಿ ಕಪ್ಪು ಎಳೆಗಳ ಗುಂಪು. ಎರಡು, ಬಿಡುವು, ಏಳು, ಬಿಡುವು, ಒಂಬತ್ತು. ಓದು ಬಾರದವಳು, ಕಣ್ಣು ಕಾಣದವಳು, ಇನ್ನೂರ ಹನ್ನೊಂದು ಜನರ ನೀರನ್ನು ಬೆರಳಲ್ಲಿ ಎಣಿಸಿ ಎಣಿಸಿ ಇಲ್ಲಿಟ್ಟಿದ್ದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಬಾಗಿಲ ಬೆಳಕಿಗೆ ಅಂಚು ಹಿಡಿದೆ.

ಆಗ ಕಂಡಿತು.

ಕಪ್ಪು ಎಳೆಗಳ ಪಕ್ಕದಲ್ಲಿ, ಬಿಳಿ ಓಲೆಯ ಮೇಲೆ, ಸಾಸಿವೆಯಷ್ಟು ಸಣ್ಣ ಚುಕ್ಕೆ. ಮೊದಲು ಹುಳು ಕೊರೆದಿದೆ ಎಂದುಕೊಂಡೆ. ಉಗುರಲ್ಲಿ ಕೆರೆದೆ, ಹೋಗಲಿಲ್ಲ. ಉಗುಳು ಹಚ್ಚಿ ಉಜ್ಜಿದೆ. ಬೆರಳ ತುದಿ ನೀಲಿಯಾಯಿತು.

ಮುಂದಕ್ಕೆ ನೋಡಿದೆ. ಇನ್ನೊಂದು ಚುಕ್ಕೆ. ಮತ್ತೊಂದು. ಅಂಚಿನ ಉದ್ದಕ್ಕೂ, ಮೂಲೆ ತಿರುಗಿ, ಕೊನೆಯ ಎಳೆಯವರೆಗೂ.

ಐದೈದು ಎಳೆಗೊಂದು.

ಅಂಚು ಹಿಡಿದುಕೊಂಡೇ ನೆಲಕ್ಕೆ ಕೂತೆ. ಹದಿನಾಲ್ಕು ವರ್ಷದ ಹೆಂಡತಿ. ನನಗೆ ಜ್ವರ ಬಂದರೆ ನಿದ್ದೆಗೆಟ್ಟು ಕೂರುವವಳು. ದಿನಾ ನನಗೋಸ್ಕರ ಫೋನು ನೋಡಿ, "ಕದಲಿಲ್ಲ ರೀ" ಅನ್ನುತ್ತಿದ್ದವಳು. ಅಂಕಿ ಕಂಡರೆ ಕಚೇರಿಯ ಪಟ್ಟಿಯ ಮಾತು ಹೇಳಬಲ್ಲವಳು, ಹೆಮೋಸನ ಪಂಚಾಯ್ತಿ ಮನೆಗೂ ಹೋಗಿಬರುವವಳು. ಅವಳ ತವರಿನವರು ಎರಡು ಸಲ ದ್ವೀಪ ಬಿಟ್ಟವರು. ನೀರು ಏರೋ ಊರಲ್ಲಿ ಮರ ನೆಟ್ಟರೆ ಮುಳುಗೋದು ತಪ್ಪುತ್ತಾ, ಹೋಗೋ ಶಕ್ತಿ ಇರುವಾಗಲೇ ಹೋಗಬೇಕು ಎಂದು ಎಷ್ಟೋ ಸಲ ಹೇಳಿದ್ದಳು. ನಾನು ನಕ್ಕು ಸುಮ್ಮನಾಗಿದ್ದೆ. ಹಡಗಿನ ಪಟ್ಟಿ ಬರೆಯಲು ಅವಳೇ ಕೇಳಿ ಮುಂದೆ ಬಂದದ್ದು ಈಗ ನೆನಪಾಯಿತು.

ಯಾಕೆ ಹೀಗೆ ಮಾಡಿದೆಯೇ? ದುಡ್ಡಿಗಾ, ನಮ್ಮನ್ನೆಲ್ಲ ಇಲ್ಲಿಂದ ಎಬ್ಬಿಸುವುದಕ್ಕಾ? ಉತ್ತರ ಹೇಳಬೇಕಾದವಳು ಪಟ್ಟಿ ಹಿಡಿದು ಇತ್ತಲೇ ಬಂದು ಹತ್ತು ಹೆಜ್ಜೆ ದೂರದಲ್ಲಿದ್ದಳು. ಚಪ್ಪರದ ಕಡೆಯಿಂದ ಅವಳ ದನಿ ಕೇಳಿಸಿತು, ಯಾರನ್ನೋ ಕೇಳುತ್ತಿದ್ದಳು, "ಅಜ್ಜಿ, ನಿಮ್ಮ ಜೊತೆ ಮೊಮ್ಮಕ್ಕಳೆಷ್ಟು? ಹೆಸರು ಹೇಳಿ, ಬರ್ಕೊಳ್ತೀನಿ."

ನಾನು ಎದ್ದು ಹೋಗಿ ಅವಳ ಕೈ ಹಿಡಿದರೆ ಮುಗಿಯಿತು. ಇನ್ನೂ ಎರಡು ದಿನವಿದೆ. ಕವಡೆ ವಾಪಸು ಬರುತ್ತದೆ, ಯಂತ್ರ ಇಳಿಯುತ್ತದೆ, ಹೆಮೋಸ್ ಮಗಳ ಮುಖ ನೋಡುತ್ತಾನೆ. ಆದರೆ ಅವಳ ಕೈಗೆ ಬೇಡಿ ತೊಡಿಸಬೇಕಾದವನು ನಾನು. ತೊಡಿಸಿದರೂ, ಹದಿನೇಳು ದಿನ ಅದೇ ಚಾಪೆಯ ಮೇಲೆ ಮಲಗಿದ್ದ ಪೊಲೀಸಿನವನಿಗೆ ಏನೂ ಗೊತ್ತಿರಲಿಲ್ಲವೆಂದು ಈ ಊರಲ್ಲಿ ಯಾರು ನಂಬುತ್ತಾರೆ?

"ಜೋರ್ಬಿ," ಹೊರಗಿನಿಂದ ಅಕ್ಕ ಕರೆದಳು. ದನಿಯಲ್ಲಿ ಆಸೆಯಿತ್ತು. ಈ ಹದಿನೇಳು ದಿನದಲ್ಲಿ ಯಾರ ದನಿಯಲ್ಲೂ ನಾನು ಅದನ್ನು ಕೇಳಿರಲಿಲ್ಲ. "ಏನಾದ್ರೂ ಸಿಕ್ತೇನೋ? ಕಳ್ಳನ ಗುರುತು ಏನಾದ್ರೂ ಇದೆಯಾ ಅದರಲ್ಲಿ?"

ನೀಲಿಯಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಚಾಪೆಯನ್ನು ಅಂಚು ಕೆಳಗೆ ಮಾಡಿ ಸುತ್ತತೊಡಗಿದೆ.

"ಏನೂ ಇಲ್ಲ ಅಕ್ಕ," ಅಂದೆ.